ಕೆರೆಯಂಚಿನ ಮನೆ ಯಾರದು?

"ಈ ಆಸ್ತಿ ಯಾರದು?" ಎಂಬ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನನ್ನ ನೌಕರಿಯ ಅರ್ಧ ಆಯುಷ್ಯ ಕಳೆದುಹೋಯಿತು. ಸಾಲಕ್ಕೆಂದು ಬಂದವರ ಕಾಗದಪತ್ರ ಬಿಡಿಸಿ, ಮೂವತ್ತು ವರ್ಷಗಳ ಹಿಂದಿನಿಂದ ಕ್ರಯಪತ್ರಗಳ ಕೊಂಡಿ ಸರಿಯಾಗಿ ಕೂಡುತ್ತದೆಯೇ, ಕಂದಾಯದ ರಸೀದಿ ಯಾರ ಹೆಸರಿನಲ್ಲಿದೆ, ಋಣಭಾರ ಪತ್ರದಲ್ಲಿ ಮತ್ತೊಬ್ಬರ ಹೆಸರು ನುಸುಳಿದೆಯೇ ಎಂದು ನೋಡಿ, ವಕೀಲರ ಅಭಿಪ್ರಾಯ ಲಗತ್ತಿಸಿದರೆ ಮುಗಿಯಿತು. ಬ್ಯಾಂಕಿನ ಮಟ್ಟಿಗೆ ಆ ಪ್ರಶ್ನೆಗೆ ಅಷ್ಟೇ ಉತ್ತರ. ಕಾನೂನಿನ ಮಟ್ಟಿಗೂ ಬಹುಪಾಲು ಅಷ್ಟೇ. ಆದರೆ ಮನುಷ್ಯರ ಮಟ್ಟಿಗೆ ಅಷ್ಟು ಸಾಕೇ? ಊರು ಬಿಟ್ಟು ಮೂವತ್ತೇಳು ವರ್ಷ ಬಾಡಿಗೆ ಮನೆ, ಬ್ಯಾಂಕಿನ ಕ್ವಾರ್ಟರ್ಸುಗಳಲ್ಲಿ ಬದುಕಿದ ನನಗೆ ಈ ಸಂಶಯ ಗಟ್ಟಿಯಾಗಿ ಅಂಟಿಕೊಂಡದ್ದು ಕೊಡೈಕನಾಲಿನಲ್ಲಿ. 1997ರಿಂದ 2000ದವರೆಗೆ ಮೂರು ವರ್ಷ ಅಲ್ಲಿದ್ದೆ. ವರ್ಗದ ಆರ್ಡರು ಬಂದಾಗ ಮೈಸೂರಿನ ಗೆಳೆಯರೆಲ್ಲ, "ಪುಣ್ಯವಂತ ಕಣಯ್ಯಾ, ಸರ್ಕಾರಿ ಖರ್ಚಿನಲ್ಲಿ ಹನಿಮೂನು" ಎಂದು ಕಾಗದ ಬರೆದಿದ್ದರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ!

ಅಲ್ಲಿಯ ಕೆರೆಯ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನೋಡಿದವರು ಅನೇಕರು ಅದನ್ನು ಪ್ರಕೃತಿ ಕೊಟ್ಟದ್ದು ಎಂದೇ ತಿಳಿದಿರುತ್ತಾರೆ. ಅಲ್ಲ, ಅದು ಕಟ್ಟಿದ ಕೆರೆ. ಬಯಲಿನ ಜ್ವರ, ಕಾಲರಾಗಳಿಂದ ತಪ್ಪಿಸಿಕೊಳ್ಳಲು ಮಧುರೆಯ ಅಮೆರಿಕನ್ ಮಿಷನ್ನಿನವರು 1845ರಲ್ಲಿ ಪಳನಿ ಬೆಟ್ಟದ ಮೇಲೆ, ಸುಮಾರು ಏಳು ಸಾವಿರ ಅಡಿ ಎತ್ತರದಲ್ಲಿ, ಮೊದಲ ಎರಡು ಬಂಗಲೆಗಳನ್ನು ಕಟ್ಟಿಸಿದರು. 1863ರಲ್ಲಿ ಮಧುರೆಯ ಕಲೆಕ್ಟರ್ ವೇರ್ ಹೆನ್ರಿ ಲೆವಿಂಜ್ ಅಲ್ಲಿ ಹರಿಯುತ್ತಿದ್ದ ತೊರೆಗಳಿಗೆ ಅಡ್ಡ ಕಟ್ಟೆ ಹಾಕಿಸಿ ಕೆರೆ ಮಾಡಿಸಿದ, ಮೀನು ಬಿಡಿಸಿದ, ತೂತ್ತುಕುಡಿಯಿಂದ ಮೊದಲ ದೋಣಿ ತರಿಸಿದ. ಕೆರೆ ಸುಮಾರು ಅರವತ್ತು ಎಕರೆ, ನಕ್ಷತ್ರದ ಹಾಗೆ ಐದಾರು ಕಡೆ ಚಾಚಿಕೊಂಡ ಆಕಾರ, ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಐದು ಕಿಲೋಮೀಟರ್. 1890ರಲ್ಲಿ ದೋಣಿ ಕ್ಲಬ್ಬು ಶುರುವಾಯಿತು. ಹೊರಗಿನ ಪ್ರವಾಸಿಗಳಿಗೆ ಅದರ ದೋಣಿ ಸಿಕ್ಕಿದ್ದು 1932ರಿಂದ. ಅಂದರೆ ನಲವತ್ತು ವರ್ಷಕ್ಕೂ ಮೇಲೆ ಆ ನೀರಿನ ಮೇಲೆ ತೇಲುವ ಭಾಗ್ಯ ದಂಡೆಯ ಬಂಗಲೆಗಳವರಿಗೆ, ಅವರ ಅತಿಥಿಗಳಿಗೆ ಮಾತ್ರ ಎಂದಾಯಿತು.

ಆ ಬಂಗಲೆಗಳನ್ನು ನೀವು ನೋಡಬೇಕು. ಕಲ್ಲಿನ ಗೋಡೆ, ಇಳಿಜಾರು ಮಾಡು, ಹೊಗೆಗೂಡು, ಗಾಜಿನ ವರಾಂಡ, ಅಲ್ಲಿ ಕೂತರೆ ಕೆರೆ ಮಡಿಲಿಗೆ ಬಂದಂತೆ. ಗೇಟಿನ ಮೇಲೆ ಇಂಗ್ಲಿಷ್ ಹೆಸರುಗಳು. ಬಿಳಿಯರು ಹೋದ ಮೇಲೆ ಮನೆಗಳು ಕೈ ಬದಲಾದವು: ಸಂಸ್ಥಾನದವರು, ಗಿರಣಿ ಮಾಲೀಕರು, ಎಸ್ಟೇಟ್ ಧಣಿಗಳು, ಆಮೇಲೆ ಮದರಾಸು ಬೆಂಗಳೂರುಗಳ ಉದ್ಯಮಿಗಳು. ಹೆಸರುಗಳು ಮಾತ್ರ ಬದಲಾಗಲಿಲ್ಲ. ಇನ್ನೊಂದೂ ಬದಲಾಗಲಿಲ್ಲ: ಮನೆಯ ಯಜಮಾನರು ಏಪ್ರಿಲ್ ಕೊನೆಗೆ ಬಂದು ಜೂನ್ ಮೊದಲಿಗೆ ಇಳಿದುಬಿಡುವ ಪದ್ಧತಿ.

ಮೇ ತಿಂಗಳೆಂದರೆ ಊರಿಗೆ ಮದುವೆಯ ಕಳೆ. ಬಯಲಲ್ಲಿ ನಲವತ್ತು ಡಿಗ್ರಿ ಸುಡುವಾಗ ಇಲ್ಲಿ ಇಪ್ಪತ್ತು. ಬ್ರಯಂಟ್ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ. ಕೆರೆಯಲ್ಲಿ ಬೇಸಿಗೆ ಉತ್ಸವ. ಸರ್ಕಾರದ ಇಲಾಖೆಗಳು ಒಂದೊಂದು ದೋಣಿಯನ್ನು ಹೂವು, ತರಕಾರಿ, ಬಣ್ಣದ ಕಾಗದಗಳಿಂದ ನವಿಲೋ ಹಂಸವೋ ಆಗಿಸಿ ಮೆರವಣಿಗೆ ಬಿಡುತ್ತಿದ್ದವು. ದೋಣಿ ಓಟದ ಸ್ಪರ್ಧೆ ಇರುತ್ತಿತ್ತು. ಎಲ್ಲಕ್ಕಿಂತ ಜನ ಮುಗಿಬಿದ್ದು ನೋಡುತ್ತಿದ್ದುದು ಬಾತುಕೋಳಿ ಹಿಡಿಯುವ ಪಂದ್ಯ. ನೀರಿಗೆ ಬಾತುಗಳನ್ನು ಬಿಡುವುದು, ದೋಣಿಯಲ್ಲಿ ಹುಟ್ಟು ಹಾಕುತ್ತಾ ಬೆನ್ನಟ್ಟಿ ಹಿಡಿಯುವುದು. ಬಾತು ಮುಳುಗಿ ಇನ್ನೆಲ್ಲೋ ಏಳುತ್ತದೆ, ದೋಣಿಗೆ ದೋಣಿ ಡಿಕ್ಕಿ, ದಂಡೆಯ ಮೇಲೆ ಸಾವಿರ ಜನರ ಕೇಕೆ. ಬಂಗಲೆಗಳ ವರಾಂಡದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಯಜಮಾನರ ಕುಟುಂಬಗಳು, ಪಕ್ಕದಲ್ಲಿ ಮೊಮ್ಮಕ್ಕಳು. ಸಂಜೆ ಕ್ಲಬ್ಬಿನಲ್ಲಿ ಕಾರ್ಡ್ಸು. ಆ ಐದಾರು ವಾರ ನಮ್ಮ ಶಾಖೆಯಲ್ಲೂ ಹಬ್ಬವೇ. ಲಾಕರು ತೆರೆಯುವವರು, ಡ್ರಾಫ್ಟು ಮಾಡಿಸುವವರು, "ಮ್ಯಾನೇಜರೇ, ಟೀಗೆ ಬನ್ನಿ" ಅನ್ನುವವರು. ಹೋಗಿದ್ದೇನೆ. ಒಳ್ಳೆಯ ಜನ, ಓದಿದವರು, ಕೆರೆಯನ್ನು ನಿಜವಾಗಿ ಪ್ರೀತಿಸುವವರು. ಅದನ್ನು ಮರೆಮಾಚಿದರೆ ಈ ಲೇಖನಕ್ಕೆ ಬೆಲೆಯಿಲ್ಲ.

ಜೂನ್ ಬಂತೆಂದರೆ ಒಂದೊಂದೇ ಗೇಟಿಗೆ ಬೀಗ. ಅಕ್ಟೋಬರಿನಲ್ಲಿ ಈಶಾನ್ಯ ಮಾರುತದ ಮಳೆ ಹಿಡಿದರೆ ವಾರಗಟ್ಟಲೆ ಮಂಜು, ಎದುರಿಗೆ ನಿಂತವರ ಮುಖ ಕಾಣದು. ಕರೆಂಟು ಹೋಗುತ್ತದೆ. ಘಾಟಿಯಲ್ಲಿ ಮಣ್ಣು ಕುಸಿದರೆ ತರಕಾರಿ ಲಾರಿ ಬರುವುದಿಲ್ಲ. ಆಗ ಕೆರೆ ಸುತ್ತಿದರೆ ಕತ್ತಲೆಯ ಬಂಗಲೆಗಳ ಹಿಂಬದಿ, ಔಟ್‌ಹೌಸಿನಲ್ಲಿ ಒಂದೊಂದು ಮಿಣುಕು ದೀಪ ಕಾಣುತ್ತಿತ್ತು. ಅದು ಕಾವಲುಗಾರನ ಸಂಸಾರ. ಮಾಡಿನ ಮೇಲೆ ಬಿದ್ದ ಕೊಂಬೆ ತೆಗೆಯುವವನು ಅವನು, ಹಾಸಿಗೆ ಬಿಸಿಲಿಗೆ ಹಾಕುವವಳು ಅವನ ಹೆಂಡತಿ, ಮೋರಿ ಕಟ್ಟಿಕೊಂಡರೆ ಬಿಡಿಸುವವನು ಅವನ ಮಗ. ವರ್ಷದ ಹನ್ನೊಂದು ತಿಂಗಳು ಅವರದು. ಪತ್ರ ಮಾತ್ರ ಇನ್ನೊಬ್ಬರದು.

ಅಂಥ ಒಬ್ಬ ಹಿರಿಯರ ಉಳಿತಾಯ ಖಾತೆ ನಮ್ಮಲ್ಲಿತ್ತು. ಇಪ್ಪತ್ತೇಳು ವರ್ಷದಿಂದ ಒಂದೇ ಬಂಗಲೆಯ ಕಾವಲು. 1999ರಲ್ಲಿ ಆ ಬಂಗಲೆ ಮಾರಾಟಕ್ಕೆ ಬಂತು. ಕೊಳ್ಳುವವರು ಸಾಲಕ್ಕೆ ಅರ್ಜಿ ಹಾಕಿದರು. ಸ್ಥಳ ಪರಿಶೀಲನೆಗೆ ಹೋದಾಗ ಹಿರಿಯರೇ ಗೇಟು ತೆಗೆದರು, ಕೋಣೆ ಕೋಣೆ ತೋರಿಸಿದರು. ಯಾವ ಕಿಟಕಿಯ ಬಿಜಾಗರ ಸಡಿಲ, ಯಾವ ಮೂಲೆಯಲ್ಲಿ ಸೋರುತ್ತದೆ ಎಲ್ಲ ಬಾಯಿಪಾಠ. ಕೊನೆಗೆ ಕೇಳಿದರು, "ಅಯ್ಯಾ, ಮನೆ ಖಾಲಿ ಇದೆ ಅಂತ ಪತ್ರದಲ್ಲಿ ಬರೆದಿದ್ದಾರಂತೆ. ನಾನು ಇದ್ದೀನಲ್ಲ?"

"ಪೆರಿಯವರೇ, ಅದು ಕಾಗದದ ಭಾಷೆ" ಎಂದೆ. ನನ್ನ ವರದಿಯಲ್ಲಿ, ಕಾವಲುಗಾರನ ಕುಟುಂಬ ಔಟ್‌ಹೌಸಿನಲ್ಲಿ ವಾಸವಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮಾರುವವರು ಹಿರಿಯರ ಕೈಗೆ ಒಂದು ಮೊತ್ತ ಕೊಟ್ಟರು, ತೀರಾ ಜುಜುಬಿಯೂ ಅಲ್ಲ, ಇಪ್ಪತ್ತೇಳು ವರ್ಷಕ್ಕೆ ಸಮನೂ ಅಲ್ಲ. ಅವರು ನಾಯ್ಡುಪುರಂ ಕಡೆ ಒಂದು ಕೋಣೆ ಬಾಡಿಗೆಗೆ ಹಿಡಿದರು. ಹಣವನ್ನು ಠೇವಣಿ ಇಡಲು ಶಾಖೆಗೆ ಬಂದಾಗ ವಿಳಾಸ ಬದಲಾವಣೆಯ ಫಾರಂ ಕೊಟ್ಟೆವು. ಪಾಸ್‌ಬುಕ್ಕಿನಲ್ಲಿ ಅಲ್ಲಿಯವರೆಗೂ ಇದ್ದದ್ದು ಬಂಗಲೆಯ ಇಂಗ್ಲಿಷ್ ಹೆಸರು. ಅದಕ್ಕೆ ನಮ್ಮ ಗುಮಾಸ್ತ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆದ. ಹಿರಿಯರು ಆ ಗೆರೆಯನ್ನು ಸ್ವಲ್ಪ ಹೊತ್ತು ನೋಡಿ, ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೋದರು.

ಇದರಲ್ಲಿ ಅನ್ಯಾಯ ಎಲ್ಲಿದೆ? ಕಾನೂನು ಕೇಳಿದರೆ, ಎಲ್ಲೂ ಇಲ್ಲ. ಕಾವಲುಗಾರನಾಗಲಿ ಆಳಾಗಲಿ ಯಜಮಾನನ ಪರವಾಗಿ ಮನೆ ಇಟ್ಟುಕೊಂಡಿರುತ್ತಾನೆ, ಎಷ್ಟೇ ವರ್ಷ ಇದ್ದರೂ ಅದರಲ್ಲಿ ಅವನಿಗೆ ಹಕ್ಕು ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಗೋವಾದ ಒಂದು ಮನೆಯ ವ್ಯಾಜ್ಯದಲ್ಲಿ ಸ್ಪಷ್ಟವಾಗಿ ಹೇಳಿದೆ. ನಾನು ಆ ತೀರ್ಪನ್ನು ಒಪ್ಪುತ್ತೇನೆ. ಯೋಚನೆ ಮಾಡಿ, ಕೀಲಿಕೈ ಕೊಟ್ಟವನ ಮನೆಯೇ ಹೋಗುವಂತಿದ್ದರೆ ಈ ದೇಶದಲ್ಲಿ ಯಾರೂ ಯಾರಿಗೂ ಕೀಲಿಕೈ ಕೊಡುತ್ತಿರಲಿಲ್ಲ. ಬಡವನಿಗೆ ಸಿಗುತ್ತಿದ್ದ ಔಟ್‌ಹೌಸೂ ಇರುತ್ತಿರಲಿಲ್ಲ.

ಯಜಮಾನರ ಪರವಾಗಿ ಇನ್ನೂ ಹೇಳಬಹುದು. ಅವರ ದುಡ್ಡಿನಿಂದಲೇ ಆ ಹಳೆಯ ಕಲ್ಲಿನ ಮನೆಗಳು ಉಳಿದದ್ದು. ಅವರು ಕೊಡುವ ಸಂಬಳದಿಂದ ಒಂದು ಸಂಸಾರ ನಡೆಯಿತು, ಮಕ್ಕಳು ಶಾಲೆಗೆ ಹೋದರು. ಮೇ ತಿಂಗಳ ಗಳಿಕೆಯಲ್ಲಿ ಊರಿನ ಅಂಗಡಿಯವರು, ಕುದುರೆ ಸವಾರಿಯವರು, ದೋಣಿಯವರು ಮಳೆಗಾಲ ದಾಟುತ್ತಾರೆ. ಕೆರೆಯೇ ಒಬ್ಬ ಪರದೇಶಿ ಅಧಿಕಾರಿಯ ಹುಚ್ಚಿನಿಂದ ಹುಟ್ಟಿದ್ದಲ್ಲವೇ? ಹೊರಗಿನವನ ಪ್ರೀತಿ ಇಲ್ಲದೆ ಆ ನೀರೇ ಇಲ್ಲ. ಆದ್ದರಿಂದ "ಹೊರಗಿನವರು ದೂರ ಇರಲಿ" ಎಂಬ ಸುಲಭದ ಘೋಷಣೆ ನನ್ನ ಬಾಯಲ್ಲಿ ಬರುವುದಿಲ್ಲ. ನಾನೂ ಹೊರಗಿನವನೇ.

ಹಾಗಾದರೆ ಏನು ಬಾಕಿ ಉಳಿಯಿತು? ಇದಕ್ಕೆ ನನಗೆ ದಾರಿ ತೋರಿಸಿದ್ದು ನಮ್ಮ ಕನ್ನಡದ ಒಂದು ಮಾತು: ಋಣ. ಬ್ಯಾಂಕಿನಲ್ಲಿ ಋಣ ಅಂದರೆ ಸಾಲ, ಬಡ್ಡಿಯ ಲೆಕ್ಕವಿದೆ, ತೀರಿಸುವ ದಿನಾಂಕವಿದೆ. ಮನೆಯಲ್ಲಿ ನಮ್ಮ ಅಜ್ಜಿ ಹೇಳುತ್ತಿದ್ದ ಋಣ ಬೇರೆ: ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ. ಅದಕ್ಕೆ ಪತ್ರವಿಲ್ಲ, ವಾಯಿದೆಯಿಲ್ಲ. ಹಕ್ಕು ನಾವು ಇನ್ನೊಬ್ಬರಿಂದ ವಸೂಲು ಮಾಡುವಂಥದ್ದು, ಋಣ ನಾವೇ ನೆನಪಿಟ್ಟುಕೊಂಡು ತೀರಿಸುವಂಥದ್ದು. ಹಿರಿಯರಿಗೆ ಆ ಬಂಗಲೆಯ ಮೇಲೆ ಹಕ್ಕು ಇರಲಿಲ್ಲ, ಸರಿ. ಆದರೆ ಬಂಗಲೆಯವರಿಗೆ ಹಿರಿಯರ ಋಣ ಇತ್ತು. ಅದು ಇಲ್ಲ ಎಂದು ಹೇಳುವ ಅಧಿಕಾರ ಯಾವ ಕೋರ್ಟಿಗೂ ಇಲ್ಲ, ಏಕೆಂದರೆ ಅದನ್ನು ಯಾರೂ ಕೋರ್ಟಿಗೆ ಒಯ್ಯುವುದಿಲ್ಲ. ಋಣಭಾರ ಪತ್ರದಲ್ಲಿ "ಯಾವ ಭಾರವೂ ಇಲ್ಲ" ಎಂದು ಬರೆದು ಬಂದ ಆಸ್ತಿಯ ಮೇಲೂ ಈ ಭಾರ ಕೂತೇ ಇರುತ್ತದೆ.

ನಮ್ಮ ಹಿಂದಿನವರು ಕೆರೆಯ ವಿಷಯದಲ್ಲಿ ಇದನ್ನು ತಿಳಿದಿದ್ದರು. ಕೆರೆ ಕಟ್ಟಿಸಿದವನ ಹೆಸರನ್ನು ಶಾಸನದಲ್ಲಿ ಕೆತ್ತಿಸಿ ಕೈತೊಳೆದುಕೊಳ್ಳಲಿಲ್ಲ. ಕೆರೆಯ ಪಾಲನೆಗೆಂದು ಹುಟ್ಟುವಳಿಯಲ್ಲಿ ಪಾಲು ಬಿಡುವ ಬಿತ್ತುವಟ್ಟ ಎಂಬ ಏರ್ಪಾಡು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ತೂಬು ಎತ್ತಿ ಇಳಿಸಿ ನೀರು ಹಂಚುವ ನೀರಗಂಟಿಗೆ ಊರು ಧಾನ್ಯದ ಪಾಲೋ ಮಾನ್ಯದ ಭೂಮಿಯೋ ಕೊಡುತ್ತಿತ್ತು. ನೋಡಿಕೊಳ್ಳುವವನ ಬದುಕು ಒಬ್ಬ ಯಜಮಾನನ ಮರ್ಜಿಗೆ ಬಿಟ್ಟದ್ದಾಗಿರಲಿಲ್ಲ, ವ್ಯವಸ್ಥೆಯ ಒಳಗೇ ಇತ್ತು. ಆ ಕಾಲವೆಲ್ಲ ಸ್ವರ್ಗವಾಗಿತ್ತು ಎಂದು ನಾನು ಹೇಳುತ್ತಿಲ್ಲ, ಆ ನೀರನ್ನು ಮುಟ್ಟಲು ಬಿಡದ ಜಾತಿಯ ಕಟ್ಟುಗಳೂ ಅಲ್ಲೇ ಇದ್ದವು. ಆದರೂ ಪಾಲನೆ ಮಾಡುವವನಿಗೆ ಪಾಲು ಬೇಕು ಎಂಬ ಲೆಕ್ಕ ಅವರಿಗೆ ಗೊತ್ತಿತ್ತು.

ಭಾಷೆಯಲ್ಲೂ ಒಂದು ತಮಾಷೆ ಇದೆ. ಕನ್ನಡದಲ್ಲಿ ಏರಿ ಅಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಏರಿ ಅಂದರೆ ಕೆರೆಯೇ. ತಮಿಳಿನ ಕರೈ, ನಮ್ಮ ಕಿವಿಗೆ ಕೆರೆಯಂತೆ ಕೇಳಿಸುತ್ತದೆ, ಅರ್ಥ ಮಾತ್ರ ದಂಡೆ! ಕೊಡೈಗೆ ಹೋದ ಹೊಸತರಲ್ಲಿ "ಏರಿ ಮೇಲೆ ಹೋಗಿಬರುತ್ತೇನೆ" ಎಂದು ನಾನಂದರೆ, ನಮ್ಮ ಅಟೆಂಡರ್ ನಾನು ನೀರಿನ ಮೇಲೆ ಹೋಗುತ್ತೇನೆಂದು ಕಂಗಾಲಾಗಿದ್ದ. ನಕ್ಕು ಸುಮ್ಮನಾದೆವು. ಆದರೆ ದಂಡೆಯನ್ನು ಕೊಂಡವನು ನೀರನ್ನೂ ಕೊಂಡೆ ಅಂದುಕೊಳ್ಳುವುದು ಇದೇ ಬಗೆಯ ಗೊಂದಲವಲ್ಲವೇ? ದಂಡೆಯನ್ನು ಅಳೆದು ಮಾರಬಹುದು. ನೀರು ಹಾಗಲ್ಲ. ಕೊಡೈ ಕೆರೆಯ ಹೆಚ್ಚುವರಿ ನೀರೇ ಕೆಳಗೆ ಘಾಟಿ ರಸ್ತೆಯ ಪಕ್ಕ ಸುಮಾರು ನೂರೆಂಬತ್ತು ಅಡಿಯ ಸಿಲ್ವರ್ ಕ್ಯಾಸ್ಕೇಡ್ ಜಲಪಾತವಾಗಿ ಬೀಳುವುದು. ಮೇಲಿನ ಮನೆಯವನು ಮೋರಿಯಲ್ಲಿ ಬಿಟ್ಟದ್ದು ಕೆಳಗೆ ಬಸ್ಸು ನಿಲ್ಲಿಸಿ ಮುಖ ತೊಳೆಯುವವನಿಗೆ ತಲುಪುತ್ತದೆ. ಅವರಿಬ್ಬರ ನಡುವೆ ಪತ್ರವಿಲ್ಲ, ಋಣ ಮಾತ್ರ ಇದೆ.

ಈಗ ಊರು ಇನ್ನೂ ಇಕ್ಕಟ್ಟಾಗಿದೆ. ವಾಹನಗಳ ಕಾಟ ತಾಳಲಾರದೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿಗೂ ಕೊಡೈಗೂ ಇ-ಪಾಸ್ ಬಂತು. 2025ರ ಬೇಸಿಗೆಗೆ ಕೊಡೈಗೆ ವಾರದ ದಿನಗಳಲ್ಲಿ 4,000, ವಾರಾಂತ್ಯದಲ್ಲಿ 6,000 ವಾಹನ ಎಂದು ಮಿತಿ ಹಾಕಿದರು. ಬೇಕಾದದ್ದೇ. ಆದರೆ ಬರುವವರ ತಲೆ ಎಣಿಸುವುದು ಸುಲಭ. ಬಂದವನು ಏನು ಬಿಟ್ಟುಹೋಗುತ್ತಾನೆ, ಏನು ಕೊಟ್ಟುಹೋಗುತ್ತಾನೆ ಎಂಬುದನ್ನು ಯಾವ ಚೆಕ್‌ಪೋಸ್ಟಿನಲ್ಲಿ ನೋಡುವುದು?

ಇಲ್ಲಿಯವರೆಗೆ ಶ್ರೀಮಂತರ ಮಾತಾಯಿತು. ನಮ್ಮ ಮಾತು ಏನು? ಹೊರನಾಡಿನಲ್ಲಿರುವ ನಮ್ಮಲ್ಲಿ ಎಷ್ಟು ಜನರ ಊರಿನ ಮನೆಗೆ ಬೀಗವಿಲ್ಲ ಹೇಳಿ? ಕೆರೆಯಂಚಿನ ಬಂಗಲೆ ಇರಲಿಕ್ಕಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಹೆಂಚಿನ ಮನೆಯೂ ವರ್ಷಕ್ಕೆ ಹತ್ತು ದಿನ ತೆರೆಯುತ್ತದೆ. ಮೇ ತಿಂಗಳಲ್ಲಿ ಮಕ್ಕಳು ಮೊಮ್ಮಕ್ಕಳು ಬಂದು ಹಲಸು, ಮಾವು, ಹೊಳೆಯ ಸ್ನಾನ ಎಂದು ಗಲಾಟೆ ಎಬ್ಬಿಸಿ ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಉಳಿದ ದಿನ ಅಂಗಳ ಗುಡಿಸಿ, ಸಂಜೆ ದೀಪ ಹಚ್ಚಿ, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಆಳು ಕರೆಸುವವರು ಪಕ್ಕದ ಮನೆಯ ಅಕ್ಕ. ಸಂಬಳ ಅಂತ ಇಲ್ಲ. ಹೋದಾಗ ಒಂದು ಸೀರೆ, ಕೈಗೆ ಒಂದಿಷ್ಟು. ಪ್ರಮಾಣದಲ್ಲಿ ನಾವು ಬಂಗಲೆಯವರಿಗಿಂತ ಸಣ್ಣವರು, ರೀತಿಯಲ್ಲಿ ಬೇರೆಯವರಲ್ಲ.

ಇನ್ನೊಂದು ಬಗೆಯ ಕನ್ನಡದವರನ್ನೂ ನಾನು ಕಂಡಿದ್ದೇನೆ. ಕೊಡೈ ಶಾಖೆಗೆ ಕಂಬಂ ಕಡೆಯಿಂದ ಬರುತ್ತಿದ್ದ ರೈತರೊಬ್ಬರು ಕಪ್ಪಿಲಿಯರ್ ಸಮುದಾಯದವರು. ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಅತ್ತ ಹೋಗಿ ನೆಲೆನಿಂತ ಜನ, ಓದು ಬರಹವೆಲ್ಲ ತಮಿಳು, ಮನೆಯ ಮಾತು ಇವತ್ತಿಗೂ ಕನ್ನಡ. "ನಿಮ್ಮ ಊರು ಯಾವುದು?" ಎಂದು ಕೇಳಿದೆ. "ಕಂಬಂ" ಎಂದರು. "ಅಲ್ಲ, ಮೂಲ ಊರು?" ಎಂದರೆ ನಕ್ಕುಬಿಟ್ಟರು. ಅವರಿಗೆ ಬೀಗ ಹಾಕಿದ ಮನೆ ಎಲ್ಲೂ ಇಲ್ಲ. ಬದುಕುವ ನೆಲವೇ ಊರು, ಅದರ ಬರ, ಅದರ ಮಳೆ ಎರಡೂ ಅವರದು. ಮಾತನ್ನು ಮಾತ್ರ ಜೊತೆಗೆ ಒಯ್ದಿದ್ದಾರೆ. ನಾವಾದರೋ ಎರಡು ದೋಣಿಯಲ್ಲಿ ಕಾಲಿಟ್ಟವರು: ಇರುವ ಊರನ್ನು "ಇಲ್ಲಿ ಬರೀ ನೌಕರಿಗೆ" ಅನ್ನುತ್ತೇವೆ, ಬಿಟ್ಟ ಊರನ್ನು "ನಮ್ಮದು" ಅನ್ನುತ್ತೇವೆ, ಎರಡರ ಕಷ್ಟಕ್ಕೂ ಪೂರ್ತಿ ಒದಗುವುದಿಲ್ಲ.

ಈ ಮಾತು ನನಗೆ ಪೂರ್ತಿ ಮನದಟ್ಟಾದದ್ದು ಚೆನ್ನೈಯಲ್ಲಿ. ನಮ್ಮ ಫ್ಲ್ಯಾಟು ವೇಳಚೇರಿಯಲ್ಲಿದೆ, ಸುತ್ತ ಒಂದು ಕಾಲಕ್ಕೆ ಕೆರೆ, ಜವುಗು. 2015ರ ಡಿಸೆಂಬರಿನಲ್ಲಿ ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ಬಂತು. ನಮ್ಮ ರಸ್ತೆಯಲ್ಲಿ ದೋಣಿಗಳು ಬಂದವು, ಹೂವಿನ ಅಲಂಕಾರದ ದೋಣಿಗಳಲ್ಲ. ಸಮುದ್ರ ದಂಡೆಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದು, ನೆಲಮಹಡಿಯ ಮುದುಕರನ್ನು, ಬಸುರಿಯರನ್ನು ಎತ್ತಿ ಕೂರಿಸಿಕೊಂಡು ಹೋದರು. ಫ್ಲ್ಯಾಟಿನ ಪತ್ರ ಯಾರ ಹೆಸರಿನಲ್ಲಿದೆ, ಮನೆಮಾತು ಯಾವುದು ಎಂದು ಯಾರೂ ಕೇಳಲಿಲ್ಲ. ಮೂರನೇ ಮಹಡಿಯಿಂದ ನೋಡುತ್ತಿದ್ದ ನನಗೆ, ಇದು ನನ್ನ ಊರು ಎಂದು ಆ ದಿನ ಮೊದಲ ಸಲ ಅನ್ನಿಸಿತು. ನಿಜ ಹೇಳಬೇಕೆಂದರೆ, ಕೊಂಡದ್ದರಿಂದ ಹಾಗೆ ಅನ್ನಿಸಿದ್ದಲ್ಲ, ಋಣ ಬಿದ್ದದ್ದರಿಂದ.

ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಮನೆ ಪತ್ರದವನದೇ. ಜಾಗ ಮಾತ್ರ ಅದರ ಕೆಟ್ಟ ಕಾಲದಲ್ಲಿ ಜೊತೆಗಿದ್ದವರದು. ಜೊತೆಗಿರಲು ಆಗದವನಿಗೆ, ಇದ್ದವರ ಪಾಲನ್ನು ಕೊಡುವ ದಾರಿ ತೆರೆದೇ ಇದೆ. ಅದು ದಾನವಲ್ಲ, ಬಾಕಿ.

ಊರಿನ ಮನೆ ಈಗ ನಮ್ಮ ಮನೆಯಲ್ಲೂ ಚರ್ಚೆಯಲ್ಲಿದೆ. ಪುಣೆಯ ತಮ್ಮ ಹೋಂಸ್ಟೇ ಮಾಡೋಣ ಅನ್ನುತ್ತಾನೆ, ಹೈದರಾಬಾದಿನ ತಂಗಿ ಮಾರಿಬಿಡೋಣ ಅನ್ನುತ್ತಾಳೆ. ಎರಡಕ್ಕೂ ನನ್ನ ತಕರಾರಿಲ್ಲ. ಏನೇ ಮಾಡುವ ಮೊದಲು ಪಕ್ಕದ ಮನೆಯ ಅಕ್ಕನಿಗೆ ಸಲ್ಲಬೇಕಾದದ್ದನ್ನು ಕಾಗದದ ಮೇಲೆ ಬರೆದು, ನಮ್ಮ ಪಾಲುಗಳಿಗಿಂತ ಮೇಲಿನ ಸಾಲಿನಲ್ಲಿ ಇಡಬೇಕು ಎಂದಿದ್ದೇನೆ. "ಅವರು ಕೇಳಿಯೇ ಇಲ್ಲವಲ್ಲ ಅಣ್ಣಾ" ಎಂದು ತಮ್ಮ. ಕೇಳಿಲ್ಲ, ನಿಜ. ಮುಂದಿನ ಮೇ ತಿಂಗಳಲ್ಲಿ ಎಲ್ಲರೂ ಊರಲ್ಲಿ ಸೇರುತ್ತೇವೆ. ಲೆಕ್ಕದ ಪುಸ್ತಕ ನಾನು ತೆಗೆದುಕೊಂಡು ಹೋಗುತ್ತೇನೆ.